ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆ: ಕನ್ನಡ ಅಭ್ಯರ್ಥಿಯ ಸಿದ್ಧತೆ

(ಹೈದರಾಬಾದಿನ ಕನ್ನಡ ಅಭ್ಯರ್ಥಿಗಳನ್ನು ಉದ್ದೇಶಿಸಿದ ಭಾಷಣದ ಪಠ್ಯ)



ಹೈದರಾಬಾದು ನಗರಕ್ಕೂ ಕನ್ನಡಕ್ಕೂ ಇರುವ ನಂಟು ಹಳೆಯದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಬೀದರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಜನರಿಗೆ ಇದೇ ರಾಜಧಾನಿಯಾಗಿತ್ತು. ಕಾಚಿಗುಡದ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಆ ನಂಟಿನ ಕುರುಹುಗಳು. ಬೀದರಿನ ಯುವಕನಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ, ಹೈದರಾಬಾದು ಸುಮಾರು 140. ಆದುದರಿಂದಲೇ ಆ ಭಾಗದ ವಿದ್ಯಾರ್ಥಿಗಳು ಓದಿಗೂ ಉದ್ಯೋಗಕ್ಕೂ ಇತ್ತ ಮುಖ ಮಾಡುವುದು ಸಹಜವಾಗಿದೆ.

ಈಚಿನ ವರ್ಷಗಳಲ್ಲಿ ಹೀಗೆ ಬಂದವರಿಗೆ ಜಪಾನೀ ಭಾಷೆಯೂ ಒಂದು ಅವಕಾಶವಾಗಿ ಒದಗಿದೆ. 2008ರಲ್ಲಿ ಆರಂಭವಾದ ಹೈದರಾಬಾದಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಜಪಾನ್ ಸರ್ಕಾರದ ಸಹಕಾರದಿಂದ ಬೆಳೆದದ್ದು. ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿರುವ ಅದರ ಕಟ್ಟಡಗಳಿಗೆ ಜಪಾನಿನ ಸಾಲದ ನೆರವೂ ವಾಸ್ತುಶಿಲ್ಪಿಗಳ ಪರಿಶ್ರಮವೂ ದೊರೆತಿವೆ. ಅದೇ ಜಿಲ್ಲೆಯ ರುದ್ರಾರಂನಲ್ಲಿ ತೋಷಿಬಾ ಸಂಸ್ಥೆಯ ವಿದ್ಯುತ್ ಪರಿವರ್ತಕಗಳ ಕಾರ್ಖಾನೆ ಇದೆ. ನಗರದಲ್ಲಿರುವ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಜಪಾನೀ ಭಾಷೆಯನ್ನು ಕಲಿಸಲಾಗುತ್ತದೆ. ಇದಲ್ಲದೆ, ನಿರ್ದಿಷ್ಟ ಕೌಶಲವುಳ್ಳ ಕೆಲಸಗಾರರನ್ನು ಜಪಾನಿಗೆ ಕಳುಹಿಸುವ ಕುರಿತು ಭಾರತ ಮತ್ತು ಜಪಾನ್ ಸರ್ಕಾರಗಳು 2021ರ ಜನವರಿಯಲ್ಲಿ ಸಹಕಾರ ಒಪ್ಪಂದಕ್ಕೆ ಸಹಿ ಮಾಡಿದವು. ಆ ಯೋಜನೆಯಡಿ ಹೋಗಬಯಸುವವರು ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆಯ ಎನ್-4 ಮಟ್ಟದಲ್ಲಾಗಲಿ, ಅದಕ್ಕೆ ಪರ್ಯಾಯವಾಗಿ ಜಪಾನ್ ಪ್ರತಿಷ್ಠಾನವು ಗಣಕಯಂತ್ರದ ಮೂಲಕ ನಡೆಸುವ ಮೂಲಭೂತ ಭಾಷಾ ಪರೀಕ್ಷೆಯಲ್ಲಾಗಲಿ ತೇರ್ಗಡೆ ಹೊಂದಬೇಕಾಗುತ್ತದೆ. ತರಬೇತಿ ಕೇಂದ್ರವೊಂದು ತಾನೇ ಮುದ್ರಿಸಿ ಕೊಡುವ ಪ್ರಮಾಣಪತ್ರವು ಇವೆರಡಕ್ಕೂ ಸಮನಲ್ಲ ಎಂಬುದನ್ನು, ಹಣ ಕಟ್ಟುವ ಮುನ್ನವೇ, ಅಭ್ಯರ್ಥಿಯೂ ಅವನ ಮನೆಯವರೂ ತಿಳಿದಿರುವುದು ಒಳ್ಳೆಯದು.

ಈ ಪರೀಕ್ಷೆ ಆರಂಭವಾದದ್ದು 1984ರಲ್ಲಿ. ಆ ವರ್ಷ 15 ದೇಶಗಳಲ್ಲಿ ಸುಮಾರು 7,000 ಮಂದಿ ಬರೆದಿದ್ದರು. ಮೊದಲಿಗೆ ನಾಲ್ಕು ಮಟ್ಟಗಳಿದ್ದವು. 2010ರ ಪರಿಷ್ಕರಣೆಯಲ್ಲಿ ಅವು ಐದಾದವು. ಎನ್-5 ಅತ್ಯಂತ ಸುಲಭ, ಎನ್-1 ಅತ್ಯಂತ ಕಠಿಣ. ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರಗಳು ಪರೀಕ್ಷೆಯ ದಿನಗಳು. ಯಾವ ಯಾವ ನಗರಗಳಲ್ಲಿ, ಯಾವ ಮಟ್ಟಗಳಿಗೆ ಪರೀಕ್ಷೆ ನಡೆಯುವುದೆಂಬ ಪಟ್ಟಿ ಪ್ರತಿ ಬಾರಿಯೂ ಪ್ರಕಟವಾಗುತ್ತದೆ. ಅರ್ಜಿಯ ಅವಧಿ ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿದುಹೋಗುವುದರಿಂದ, ಓದು ಮುಗಿಸಿ ಅರ್ಜಿ ಹಾಕುವೆನೆಂದು ಕಾಯುವವನಿಗೆ ಸ್ಥಳ ಸಿಗುವುದಿಲ್ಲ. ಒಂದು ದಿನ ಒಬ್ಬನು ಒಂದೇ ಮಟ್ಟವನ್ನು ಬರೆಯಬಹುದು. ಎನ್-4 ಸಾಕಾಗುವ ಕೆಲಸಕ್ಕೆ ಎನ್-3ನ್ನು ಆರಿಸಿಕೊಂಡು ಎರಡನ್ನೂ ಕಳೆದುಕೊಳ್ಳುವವರಿದ್ದಾರೆ. ಗೌರವಕ್ಕಾಗಿ ಮಟ್ಟವನ್ನು ಏರಿಸಿಕೊಳ್ಳುವುದು ಅರ್ಧ ವರ್ಷವನ್ನು ಪಣಕ್ಕಿಟ್ಟಂತೆ.

ಸಿದ್ಧತೆಯಲ್ಲಿ ಮೊದಲು ಅರಿಯಬೇಕಾದುದು ಅಂಕಗಳ ಲೆಕ್ಕ. ಎಲ್ಲ ಮಟ್ಟಗಳಲ್ಲೂ ಒಟ್ಟು ಅಂಕ 180. ತೇರ್ಗಡೆಗೆ ಎನ್-5ರಲ್ಲಿ 80, ಎನ್-4ರಲ್ಲಿ 90, ಎನ್-3ರಲ್ಲಿ 95, ಎನ್-2ರಲ್ಲಿ 90, ಎನ್-1ರಲ್ಲಿ 100 ಅಂಕ ಬೇಕು. ಇಷ್ಟನ್ನು ಎಲ್ಲರೂ ಬಲ್ಲರು. ಹಲವರು ಮರೆಯುವುದು ಇದರ ಜೊತೆಗಿರುವ ಇನ್ನೊಂದು ನಿಬಂಧನೆಯನ್ನು. ಎನ್-3ರಿಂದ ಮೇಲಕ್ಕೆ ಭಾಷಾಜ್ಞಾನ, ವಾಚನ, ಆಲಿಸುವಿಕೆ ಎಂಬ ಮೂರು ವಿಭಾಗಗಳಿಗೆ ತಲಾ 60 ಅಂಕ, ಪ್ರತಿಯೊಂದರಲ್ಲೂ ಕನಿಷ್ಠ 19 ಬರಲೇಬೇಕು. ಎನ್-4 ಮತ್ತು ಎನ್-5ರಲ್ಲಿ ಮೊದಲೆರಡು ಕೂಡಿ 120ಕ್ಕೆ 38, ಆಲಿಸುವಿಕೆಯಲ್ಲಿ 60ಕ್ಕೆ 19. ಎನ್-3 ಬರೆದವನಿಗೆ ಭಾಷಾಜ್ಞಾನದಲ್ಲಿ 55, ವಾಚನದಲ್ಲಿ 40, ಆಲಿಸುವಿಕೆಯಲ್ಲಿ 18 ಬಂದಿತೆನ್ನಿ. ಒಟ್ಟು 113. ಬೇಕಾದ 95ಕ್ಕಿಂತ 18 ಹೆಚ್ಚು. ಆದರೂ ಅವನು ಅನುತ್ತೀರ್ಣ. ನಮ್ಮ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ಪುಸ್ತಕದಿಂದ ಕಲಿಯುವವರು; ಕಾಂಜಿ ಅಕ್ಷರಗಳನ್ನು ರಾತ್ರಿಯೆಲ್ಲ ತಿದ್ದಿ, ಕಿವಿಗೆ ಕೆಲಸ ಕೊಡದೆ ಹೋಗುವವರು. ಅವರು ಎಡವುವುದು ಇಲ್ಲಿಯೇ. ಬಲವಾದ ವಿಭಾಗದಲ್ಲಿ ಇನ್ನಷ್ಟು ಗಳಿಸುವುದಕ್ಕಿಂತ ದುರ್ಬಲ ವಿಭಾಗವನ್ನು 19ರ ಗೆರೆಯಿಂದ ಸಾಕಷ್ಟು ಮೇಲಕ್ಕೆತ್ತುವುದೇ ಕೊನೆಯ ಎರಡು ತಿಂಗಳ ಕೆಲಸವಾಗಬೇಕು.

ಈ ಅಂಕಗಳು ಸರಿ ಉತ್ತರಗಳ ಎಣಿಕೆಯಲ್ಲ. ಒಂದು ಬಾರಿಯ ಪ್ರಶ್ನೆಗಳು ಇನ್ನೊಂದು ಬಾರಿಗಿಂತ ಕಠಿಣವಾಗಿದ್ದರೂ ಅನ್ಯಾಯವಾಗದಿರಲೆಂದು ಉತ್ತರಗಳ ಮಾದರಿಯನ್ನು ಸಂಖ್ಯಾಶಾಸ್ತ್ರದ ರೀತಿಯಲ್ಲಿ ಅಳೆದು ಅಂಕವನ್ನು ನಿರ್ಧರಿಸುತ್ತಾರೆ. ಹೀಗಾಗಿ ಮನೆಗೆ ಬಂದು ಬೆರಳೆಣಿಸಿ ಫಲಿತಾಂಶವನ್ನು ಊಹಿಸುವುದರಿಂದ ಪ್ರಯೋಜನವಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯೂ ಇಲ್ಲ. ನಮ್ಮ ದೇಶದ ಹಲವು ಪ್ರವೇಶ ಪರೀಕ್ಷೆಗಳಲ್ಲಿ ಅಂಕ ಕಳೆಯುವ ಭಯದಿಂದ ಬಿಟ್ಟುಬಿಡುವುದನ್ನು ರೂಢಿಸಿಕೊಂಡ ವಿದ್ಯಾರ್ಥಿ ಇಲ್ಲಿ ಆ ಅಭ್ಯಾಸವನ್ನು ಬಿಡಬೇಕು. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಇನ್ನು ಕನ್ನಡದ ವಿಷಯ. ಜಪಾನೀ ಭಾಷೆಯನ್ನು ಇಲ್ಲಿ ಬಹುತೇಕ ಇಂಗ್ಲಿಷ್ ಪಠ್ಯಪುಸ್ತಕಗಳ ಮೂಲಕವೇ ಕಲಿಸಲಾಗುತ್ತದೆ. ಅದರಿಂದ ಕನ್ನಡ ವಿದ್ಯಾರ್ಥಿಗೆ ಆಗುವ ನಷ್ಟ ಸಣ್ಣದಲ್ಲ. ‘ಕೊರೆ ವ ಕಿನೋ ತೊಮೊದಚಿ ಗ ಕುರೆತ ಹೊನ್ ದೆಸು’ ಎಂಬ ವಾಕ್ಯವನ್ನು ನೋಡಬಹುದು. ಪದದ ಮೇಲೆ ಪದವಿಟ್ಟರೆ ಅದು ‘ಇದು ನಿನ್ನೆ ಗೆಳೆಯ ಕೊಟ್ಟ ಪುಸ್ತಕ’ ಎಂದಾಗುತ್ತದೆ. ಒಂದು ಪದವೂ ಸ್ಥಾನ ಬದಲಿಸಬೇಕಾಗಿಲ್ಲ. ಇದನ್ನೇ ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿಕೊಂಡರೆ ಪುಸ್ತಕ ಮುಂದಕ್ಕೂ ಗೆಳೆಯ ಮಧ್ಯಕ್ಕೂ ನಿನ್ನೆ ಕೊನೆಗೂ ಹೋಗಬೇಕು. ಉದ್ದವಾದ ವಾಕ್ಯವೊಂದನ್ನು ಹೀಗೆ ಹಿಂದುಮುಂದಾಗಿ ಕಟ್ಟುವಷ್ಟರಲ್ಲಿ ಪರೀಕ್ಷೆಯ ಅರ್ಧ ನಿಮಿಷ ಕಳೆದಿರುತ್ತದೆ. ಕ್ರಿಯಾಪದ ಕೊನೆಗೆ, ನಿಷೇಧ ಅದಕ್ಕೂ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ: ಇವೆಲ್ಲ ಕನ್ನಡಿಗನು ತೊಟ್ಟಿಲಿನಲ್ಲೇ ಕಲಿತದ್ದು. ಇಷ್ಟೇ ಅಲ್ಲ, ‘ತಬೆತೆ ಮಿರು’ ಎಂಬುದು ಅಕ್ಷರಶಃ ‘ತಿಂದು ನೋಡು’. ‘ತಬೆತೆ ಶಿಮೌ’ ಎಂಬುದು ‘ತಿಂದುಬಿಡು’. ಇಂಗ್ಲಿಷ್ ಪುಸ್ತಕಗಳು ಇವನ್ನು ವಿವರಿಸಲು ಪುಟಗಳನ್ನು ತುಂಬಿಸುತ್ತವೆ. ಕನ್ನಡಿಗನಿಗೆ ಒಂದು ಸಾಲು ಸಾಕು.

ಪರೀಕ್ಷೆಯಲ್ಲಿ ಇದರ ನೇರ ಲಾಭ ದೊರೆಯುವುದು ನಕ್ಷತ್ರದ ಪ್ರಶ್ನೆಗಳಲ್ಲಿ. ವ್ಯಾಕರಣದ ಭಾಗದಲ್ಲಿ ಬರುವ ಈ ಬಗೆಯ ಪ್ರಶ್ನೆಯಲ್ಲಿ ವಾಕ್ಯವೊಂದರ ನಡುವೆ ನಾಲ್ಕು ಖಾಲಿ ಸ್ಥಳಗಳಿರುತ್ತವೆ. ಕೆಳಗೆ ನಾಲ್ಕು ತುಣುಕುಗಳನ್ನು ಕಲಸಿ ಕೊಟ್ಟಿರುತ್ತಾರೆ. ನಕ್ಷತ್ರದ ಗುರುತಿರುವ ಸ್ಥಳದಲ್ಲಿ ಯಾವ ತುಣುಕು ಬರುವುದೆಂದು ಹೇಳಬೇಕು. ಕನ್ನಡದಲ್ಲೇ ಒಂದು ಉದಾಹರಣೆ ಮಾಡಿಕೊಳ್ಳೋಣ. ‘ಇದು ನಿನ್ನೆ’ ಎಂದು ಆರಂಭ, ‘ಪುಸ್ತಕ’ ಎಂದು ಮುಕ್ತಾಯ. ನಡುವೆ ಓದಲು, ಗೆಳೆಯ, ಕೊಟ್ಟ, ನನಗೆ ಎಂಬ ನಾಲ್ಕು. ನಕ್ಷತ್ರ ಮೂರನೆಯ ಸ್ಥಳದಲ್ಲಿ. ಎಡದಿಂದ ಊಹಿಸುತ್ತ ಹೊರಟವನು ತಡಬಡಿಸುತ್ತಾನೆ. ಬಲದಿಂದ ಬಂದವನಿಗೆ ‘ಪುಸ್ತಕ’ದ ಹಿಂದೆ ‘ಕೊಟ್ಟ’ ಎಂಬುದಲ್ಲದೆ ಬೇರೇನೂ ನಿಲ್ಲಲಾರದೆಂದು ಕೂಡಲೇ ಹೊಳೆಯುತ್ತದೆ. ಕೊಡುವುದರ ಉದ್ದೇಶ ‘ಓದಲು’, ಅದು ಅದರ ಹಿಂದೆ. ಉತ್ತರ ‘ಓದಲು’. ನಾಲ್ಕನ್ನೂ ಪ್ರಶ್ನೆಪುಸ್ತಿಕೆಯಲ್ಲಿ ಅಂಕಿಗಳಿಂದ ಬರೆದುಕೊಂಡು, ನಕ್ಷತ್ರ ಯಾವ ಸ್ಥಳದಲ್ಲಿದೆಯೆಂದು ಮತ್ತೊಮ್ಮೆ ನೋಡಿ ಗುರುತು ಹಾಕಬೇಕು. ವಾಕ್ಯವನ್ನು ಸರಿಯಾಗಿ ಜೋಡಿಸಿಯೂ ಮೊದಲ ಸ್ಥಳದ ಅಂಕಿಯನ್ನು ತುಂಬಿ ಬರುವವರು ಉಂಟು.

ಕಿವಿಯ ವಿಷಯದಲ್ಲಿಯೂ ಕನ್ನಡ ನೆರವಾಗುತ್ತದೆ. ಜಪಾನೀ ಭಾಷೆಯಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುತ್ತದೆ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಬಿರು’ ಕಟ್ಟಡ, ‘ಬೀರು’ ಮದ್ಯ. ‘ಶುಜಿನ್’ ಎಂದರೆ ಗಂಡ. ‘ಶೂಜಿನ್’ ಎಂದರೆ ಸೆರೆಯಾಳು, ಎರಡೂ ಒಂದೇ ಎನ್ನುವವರ ಮಾತು ಬೇರೆ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಕತೆಯನ್ನೂ ಕತ್ತೆಯನ್ನೂ, ಬಲವನ್ನೂ ಬಾಲವನ್ನೂ ಬೇರೆಬೇರೆಯಾಗಿ ಕೇಳುವ ಕಿವಿಗೆ ಇದು ಹೊಸ ಪಾಠವಲ್ಲ. ಕಾಂಜಿಯ ಓದನ್ನು ಕೇಳುವ ಪ್ರಶ್ನೆಗಳಲ್ಲಿ ನಾಲ್ಕು ಆಯ್ಕೆಗಳು ಹಲವೊಮ್ಮೆ ಇಂಥ ಹ್ರಸ್ವ ದೀರ್ಘ, ಒತ್ತಕ್ಷರಗಳಿಂದ ಮಾತ್ರ ಬೇರೆಯಾಗಿರುತ್ತವೆ. ಆದ್ದರಿಂದ ಪದವನ್ನು ಕಲಿಯುವಾಗ ಅರ್ಥದೊಡನೆ ಉಚ್ಚಾರವನ್ನೂ ಗಟ್ಟಿಯಾಗಿ ಹೇಳಿ ಕಲಿಯಬೇಕು. ರೋಮನ್ ಲಿಪಿಯಲ್ಲಿ ಬರೆದುಕೊಂಡರೆ ದೀರ್ಘ ತಪ್ಪಿಹೋಗುತ್ತದೆ. ಎ ಏ, ಒ ಓ ಎಂಬ ಭೇದವನ್ನೂ ತೋರುವ ಕನ್ನಡ ಲಿಪಿ ಮೊದಲ ಕೆಲವು ವಾರಗಳಿಗೆ ಉತ್ತಮ ಆಸರೆ. ಆದರೆ ಅದು ಊರುಗೋಲು ಮಾತ್ರ. ಹಿರಗಾನ ಮತ್ತು ಕತಕಾನ ಲಿಪಿಗಳು ಕೈಗೆ ಬಂದೊಡನೆ ಬಿಟ್ಟುಬಿಡಬೇಕು. ಆ ಲಿಪಿಗಳ ವರ್ಣಮಾಲೆಯೂ ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ ಎಂಬ ಕ್ರಮದಲ್ಲೇ ಸಾಗುತ್ತದೆ. ಬೌದ್ಧ ಭಿಕ್ಷುಗಳು ಜಪಾನಿಗೆ ಒಯ್ದ ಸಿದ್ಧಂ ಲಿಪಿಯ ಅಧ್ಯಯನದ ಪ್ರಭಾವ ಅದು.

ಕನ್ನಡವು ದಾರಿ ತಪ್ಪಿಸುವ ಒಂದು ಸ್ಥಳವೂ ಇದೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ಬಂದೆ, ಬಂದ, ಬಂದಳು, ಬಂದರು ಎಂದು ಕ್ರಿಯಾಪದವೇ ಯಾರೆಂದು ತಿಳಿಸುತ್ತದೆ. ಜಪಾನೀ ಭಾಷೆಯಲ್ಲಿ ಕರ್ತೃವನ್ನು ಬಿಡುತ್ತಾರೆ, ಕ್ರಿಯಾಪದವೂ ಹೇಳುವುದಿಲ್ಲ. ‘ಕಿತ’ ಎಂದರೆ ನಾಲ್ವರಲ್ಲಿ ಯಾರಾದರೂ ಬಂದಿರಬಹುದು. ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಬೇರೆ ಸುಳಿವುಗಳಿಂದ ಹಿಡಿಯಬೇಕು. ಅಂಥ ಸುಳಿವುಗಳಲ್ಲಿ ಮುಖ್ಯವಾದುದು ಕೊಡುವ ಕ್ರಿಯೆ. ನಮ್ಮಿಂದ ಇತರರಿಗೆ ಹೋದರೆ ‘ಅಗೆರು’, ಇತರರಿಂದ ನಮ್ಮತ್ತ ಬಂದರೆ ‘ಕುರೆರು’. ಕನ್ನಡದಲ್ಲಿ ಎರಡಕ್ಕೂ ‘ಕೊಡು’ ಎಂಬುದೊಂದೇ. ವಾಚನದಲ್ಲೂ ಆಲಿಸುವಿಕೆಯಲ್ಲೂ ಪ್ರಶ್ನೆ ಕಟ್ಟುವವರು ಈ ಜಾಗವನ್ನು ಚೆನ್ನಾಗಿ ಬಲ್ಲರು. ಎನ್-4ಕ್ಕೆ ಓದುವವನು ಬೇರೆಲ್ಲವನ್ನು ಬಿಟ್ಟು ಒಂದು ವಾರವನ್ನು ಇದಕ್ಕೇ ಮೀಸಲಿಟ್ಟರೂ ನಷ್ಟವಿಲ್ಲ.

ಹಳೆಯ ಪರೀಕ್ಷೆಯಲ್ಲಿ ಆಯಾ ಮಟ್ಟಕ್ಕೆ ಎಷ್ಟು ಪದ, ಎಷ್ಟು ಕಾಂಜಿ ಎಂಬುದು ಪ್ರಕಟವಾಗುತ್ತಿತ್ತು: ಕೆಳಗಿನ ಮಟ್ಟಕ್ಕೆ 800 ಪದ, 100 ಕಾಂಜಿ, ಮೇಲಿನ ಮಟ್ಟಕ್ಕೆ 10,000 ಪದ, 2,000 ಕಾಂಜಿ. 2010ರಿಂದ ಅಂಥ ಪಟ್ಟಿಯನ್ನು ಪ್ರಕಟಿಸುತ್ತಿಲ್ಲ. ಅಂಗಡಿಗಳಲ್ಲಿ ದೊರೆಯುವ ಪಟ್ಟಿಗಳು ಅಂದಾಜಿನವು. ಅವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಸಿದ್ಧತೆ ಮುಗಿಯಿತೆಂದು ತಿಳಿಯಬಾರದು.

ಸಮಯದ ಹಂಚಿಕೆ ಮಟ್ಟದಿಂದ ಮಟ್ಟಕ್ಕೆ ಬೇರೆ. ಎನ್-5ರಲ್ಲಿ ಪದಜ್ಞಾನಕ್ಕೆ 20 ನಿಮಿಷ, ವ್ಯಾಕರಣ ಮತ್ತು ವಾಚನಕ್ಕೆ 40, ಆಲಿಸುವಿಕೆಗೆ 30. ಎನ್-4ರಲ್ಲಿ ಇವು ಕ್ರಮವಾಗಿ 25, 55, 35. ಎನ್-3ರಲ್ಲಿ 30, 70, 40. ಈ ಮೂರು ಮಟ್ಟಗಳಲ್ಲಿ ಒಂದು ಭಾಗ ಮುಗಿದರೆ ಅದಕ್ಕೆ ಹಿಂತಿರುಗುವಂತಿಲ್ಲ. ಎನ್-2ರಲ್ಲಿ ಪದ, ವ್ಯಾಕರಣ, ವಾಚನ ಮೂರೂ ಸೇರಿ ಒಂದೇ 105 ನಿಮಿಷ, ಎನ್-1ರಲ್ಲಿ 110. ಆಮೇಲೆ ಆಲಿಸುವಿಕೆಗೆ ಕ್ರಮವಾಗಿ 50 ಮತ್ತು 55. ಸಮಯವನ್ನು ಹಂಚಿಕೊಳ್ಳುವ ಹೊಣೆ ಅಭ್ಯರ್ಥಿಯದೇ ಆದುದರಿಂದ ಈ ಮೇಲಿನ ಮಟ್ಟಗಳಲ್ಲೇ ಹೆಚ್ಚು ಮಂದಿ ಮುಗ್ಗರಿಸುತ್ತಾರೆ. ಕಾಂಜಿಯ ಒಂದು ಪ್ರಶ್ನೆಯ ಮುಂದೆ ಮೂರು ನಿಮಿಷ ಕುಳಿತರೂ ಗೊತ್ತಿಲ್ಲದ ಓದು ಹೊಳೆಯುವುದಿಲ್ಲ. ವಾಚನದಲ್ಲಿ ಮೂರು ನಿಮಿಷ ಹೆಚ್ಚು ದೊರೆತರೆ ಉತ್ತರ ದೊರೆಯುವ ಸಂಭವವಿದೆ. ಎನ್-2ರವನು ಪದ ವ್ಯಾಕರಣಗಳನ್ನು 40 ನಿಮಿಷದೊಳಗೆ ಮುಗಿಸಿ, ವಾಚನಕ್ಕೆ 60 ನಿಮಿಷ ಉಳಿಸಿಕೊಂಡು, ಕೊನೆಯ 5 ನಿಮಿಷವನ್ನು ಉತ್ತರ ಪತ್ರಿಕೆಯ ಗುರುತುಗಳನ್ನು ಪರಿಶೀಲಿಸಲು ಇಟ್ಟುಕೊಳ್ಳುವುದು ಯುಕ್ತ.

ವಾಚನದ ಕೊನೆಯಲ್ಲಿ ಪ್ರಕಟಣೆಯೋ ಜಾಹೀರಾತೋ ಇರುವ ಮಾಹಿತಿ ಹುಡುಕುವ ಪ್ರಶ್ನೆ ಬರುತ್ತದೆ: ಈಜುಕೊಳದ ಸಮಯ, ತರಗತಿಯ ಶುಲ್ಕ, ಅರ್ಜಿಯ ನಿಯಮ ಇತ್ಯಾದಿ. ಇದನ್ನು ಪೂರ್ತಿ ಓದಬೇಕಾಗಿಲ್ಲ. ಪ್ರಶ್ನೆಯಲ್ಲಿರುವ ವ್ಯಕ್ತಿಯ ವಯಸ್ಸು, ಬಿಡುವಿನ ದಿನ, ಕೈಯಲ್ಲಿರುವ ಹಣ ಇವನ್ನು ಮೊದಲು ಗುರುತಿಸಿಕೊಂಡು, ಹೊಂದದವುಗಳನ್ನು ಹೊಡೆಯುತ್ತ ಹೋದರೆ ಒಂದೇ ಉಳಿಯುತ್ತದೆ. ಸಣ್ಣ ಅಕ್ಷರದ ಟಿಪ್ಪಣಿಯನ್ನು ಮಾತ್ರ ತಪ್ಪದೆ ನೋಡಬೇಕು. ಉತ್ತರವನ್ನು ತಿರುಗಿಸುವ ಷರತ್ತು ಅಲ್ಲಿ ಅಡಗಿರಬಹುದು. ರೈಲ್ವೆ ವೇಳಾಪಟ್ಟಿಯಲ್ಲಿ ‘ಭಾನುವಾರ ಹೊರತು’ ಎಂಬ ಗುರುತನ್ನು ಹುಡುಕುವ ನಮ್ಮವರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಇದು ಕೊನೆಯಲ್ಲಿ ಅಚ್ಚಾಗಿದೆಯೆಂದು ಕೊನೆಗೇ ಮಾಡಬೇಕೆಂದಿಲ್ಲ. ಉದ್ದನೆಯ ಪ್ರಬಂಧಕ್ಕೆ ಮೊದಲೇ ಇದನ್ನು ಮುಗಿಸಿದರೆ ಬರಬಹುದಾದ ಅಂಕ ಕೈಯಲ್ಲಿರುತ್ತದೆ. ಹೀಗೆ ಹಾರಿ ಬರೆಯುವಾಗ ಉತ್ತರ ಪತ್ರಿಕೆಯ ಸಂಖ್ಯೆಯನ್ನು ಬೆರಳಿಟ್ಟು ನೋಡಿಯೇ ಗುರುತು ಹಾಕಬೇಕು. ಒಂದು ಸಾಲು ಜಾರಿದರೆ ಕೆಳಗಿನವೆಲ್ಲ ಜಾರುತ್ತವೆ.

ಆಲಿಸುವಿಕೆಯಲ್ಲಿ ಧ್ವನಿ ಒಂದೇ ಸಲ ಕೇಳಿಬರುತ್ತದೆ. ಹೊರಟ ಬಸ್ಸಿನ ಹಿಂದೆ ಓಡಿದಂತೆ, ಕೇಳಿಸದ ಪದವನ್ನು ನೆನೆಯುತ್ತ ಕುಳಿತವನು ಮುಂದಿನ ಪ್ರಶ್ನೆಯನ್ನೂ ಕಳೆದುಕೊಳ್ಳುತ್ತಾನೆ. ಸಂಶಯವಿದ್ದಲ್ಲಿ ಒಂದನ್ನು ಗುರುತಿಸಿ ಮುಂದಕ್ಕೆ ಹೋಗಬೇಕು. ಸಂಭಾಷಣೆಯಲ್ಲಿ ಮೊದಲು ಹೇಳಿದ ದಿನ, ಮೊದಲು ಹೇಳಿದ ವಸ್ತು ಹೆಚ್ಚಾಗಿ ಬಲೆಯೇ. ‘ಆದರೆ’, ‘ಹಾಗಾದರೆ ಬೇಡ’ ಎಂಬಂಥ ಮಾತು ಬಂದ ಮೇಲೆ ಬರುವುದೇ ಉತ್ತರ. ಜಪಾನಿಯರು ‘ಇಲ್ಲ’ ಎನ್ನುವುದು ವಿರಳ. ‘ಅದು ಸ್ವಲ್ಪ...’ ಎಂದು ಎಳೆದು ನಿಲ್ಲಿಸಿದರೆ ಅದೇ ನಿರಾಕರಣೆ. ‘ನೋಡೋಣ’ ಎಂದು ಹೇಳಿ ಕಳುಹಿಸುವ ನಮ್ಮ ಹಿರಿಯರ ಮಾತಿನ ಅರ್ಥವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಶ್ನೆಪುಸ್ತಿಕೆಯಲ್ಲಿ ಟಿಪ್ಪಣಿ ಮಾಡಿಕೊಳ್ಳಲು ಅವಕಾಶವಿದೆ. ಕನ್ನಡದಲ್ಲೇ ಒಂದೆರಡು ಅಕ್ಷರ ಗೀಚಿಕೊಂಡರೆ ಸಾಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ಕಿವಿಗೆ ಸಿಕ್ಕಿಸುವ ಸಾಧನವನ್ನು ಬಿಟ್ಟು, ಪಂಖ ತಿರುಗುತ್ತಿರುವ ಕೋಣೆಯಲ್ಲಿ ಧ್ವನಿಯನ್ನು ದೂರದಲ್ಲಿಟ್ಟು ಕೇಳುವುದು ಒಳ್ಳೆಯದು. ಪರೀಕ್ಷಾ ಕೊಠಡಿಯಲ್ಲಿ ಕೇಳಿಸುವುದು ಹಾಗೆಯೇ.

ಪರೀಕ್ಷೆಯ ದಿನದ ನಿಯಮಗಳು ಕಟ್ಟುನಿಟ್ಟು. ಪ್ರವೇಶ ಪತ್ರ, ಗುರುತಿನ ಚೀಟಿ, ಎಚ್.ಬಿ. ಪೆನ್ಸಿಲ್, ರಬ್ಬರ್, ಮುಳ್ಳುಗಳಿರುವ ಸಾಧಾರಣ ಕೈಗಡಿಯಾರ ಇವಿಷ್ಟು ಜೊತೆಯಲ್ಲಿರಬೇಕು. ಮೊಬೈಲನ್ನು ಪೂರ್ತಿ ಆರಿಸಿಡಬೇಕು. ಪರೀಕ್ಷೆಯ ನಡುವೆ ಅದು ಸದ್ದು ಮಾಡಿದರೆ ಕೆಂಪು ಚೀಟಿ ತೋರಿಸಿ ಹೊರಗೆ ಕಳುಹಿಸುತ್ತಾರೆ, ಆ ದಿನದ ಪರೀಕ್ಷೆ ಅಲ್ಲಿಗೆ ಮುಗಿಯಿತು. ಆಲಿಸುವಿಕೆ ಆರಂಭವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಬೀದರ, ಜಹೀರಾಬಾದು, ರಾಯಚೂರುಗಳಿಂದ ಬರುವವರು ಬೆಳಗಿನ ಬಸ್ಸನ್ನು ನಂಬದೆ ಹಿಂದಿನ ಸಂಜೆಯೇ ನಗರಕ್ಕೆ ಬಂದು, ಬಂಧುಗಳ ಮನೆಯಲ್ಲಾಗಲಿ ಬೇರೆಲ್ಲಾಗಲಿ ತಂಗಿ, ಕೇಂದ್ರದ ದಾರಿಯನ್ನು ಒಮ್ಮೆ ನೋಡಿಟ್ಟುಕೊಳ್ಳುವುದು ಕ್ಷೇಮ. ಭಾನುವಾರ ನಗರದ ಬಸ್ಸುಗಳ ಸಂಚಾರವನ್ನು ವಾರದ ದಿನಗಳಂತೆ ಎಣಿಸಬಾರದು.

ಈ ಪರೀಕ್ಷೆಯಲ್ಲಿ ಮಾತನಾಡುವ ಭಾಗವೂ ಇಲ್ಲ, ಬರೆಯುವ ಭಾಗವೂ ಇಲ್ಲ. ಎನ್-2 ಪಡೆದವರೂ ಸಂದರ್ಶನದಲ್ಲಿ ತಡವರಿಸುವುದುಂಟು. ಕೆಲಸಕ್ಕೆ ಕರೆಯುವವರು ಪ್ರಮಾಣಪತ್ರವನ್ನು ನೋಡಿ ಒಳಗೆ ಕರೆಯುತ್ತಾರೆ, ಮಾತು ಕೇಳಿ ಆಯ್ಕೆ ಮಾಡುತ್ತಾರೆ. ಉನ್ನತ ಪರಿಣತರಿಗೆ ಜಪಾನ್ ಸರ್ಕಾರವು ನೀಡುವ ವೀಸಾದ ಗಣನೆಯಲ್ಲಿ ಎನ್-1ಕ್ಕೆ 15, ಎನ್-2ಕ್ಕೆ 10 ಅಂಶಗಳು ದೊರೆಯುತ್ತವೆ ಎಂಬುದನ್ನು ಎಂಜಿನಿಯರುಗಳು ನೆನಪಿಡಬಹುದು.

ಫಲಿತಾಂಶ ಬರಲು ಸುಮಾರು ಎರಡು ತಿಂಗಳು ಬೇಕು. ಅನುತ್ತೀರ್ಣನಾದವನಿಗೂ ವಿಭಾಗವಾರು ಅಂಕಪಟ್ಟಿ ದೊರೆಯುತ್ತದೆ. ಅದರಲ್ಲಿ ಪದ, ವ್ಯಾಕರಣ ಮುಂತಾದವುಗಳ ಮುಂದೆ ಎ, ಬಿ, ಸಿ ಎಂಬ ಗುರುತುಗಳಿರುತ್ತವೆ; ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸರಿಯಿದ್ದರೆ ಎ, ಮೂರನೆಯ ಒಂದು ಪಾಲಿಗಿಂತ ಕಡಿಮೆಯಾದರೆ ಸಿ. ಬೇಸರದಿಂದ ಈ ಹಾಳೆಯನ್ನು ಮಡಚಿಡುವವರೇ ಹೆಚ್ಚು. 113 ಅಂಕ ಪಡೆದು ಅನುತ್ತೀರ್ಣನಾದ ಮೇಲಿನ ಅಭ್ಯರ್ಥಿಯು ಅದನ್ನು ಬಿಡಿಸಿ ನೋಡಿದರೆ, ಮುಂದಿನ ಅರ್ಜಿಯ ದಿನದವರೆಗೆ ಹೊಸ ಕಾಂಜಿ ಪುಸ್ತಕ ಕೊಳ್ಳದೆ ದಿನಕ್ಕೆ ಅರ್ಧ ಗಂಟೆ ಜಪಾನೀ ಮಾತನ್ನು ಕೇಳಬೇಕೆಂಬುದು ಅಲ್ಲಿಯೇ ಬರೆದಿರುತ್ತದೆ.